ಹೊಸ .22 ರೈಫಲ್ ‘ಟಿಕ್’ ಅನ್ನುತ್ತದೆ, ಗುಂಡು ಹಾರುವುದಿಲ್ಲ: ತಪ್ಪು ಯಾರದ್ದು?

ಪ್ರಶ್ನೆ: ಮೂರು ವಾರದ ಹಿಂದೆ ಹೊಸ .22 ಬೋಲ್ಟ್ ಆಕ್ಷನ್ ರೈಫಲ್ ತೆಗೆದುಕೊಂಡೆ, ಅಂದರೆ ಪ್ರತಿ ಈಡಿಗೂ ಹಿಂಬದಿಯ ಅಗುಳಿಯನ್ನು (ಬೋಲ್ಟ್) ಕೈಯಿಂದ ತೆರೆದು ಮುಚ್ಚುವಂಥದ್ದು. ಡಬ್ಬದಿಂದ ತೆಗೆದು, ಮೇಲೆ ಮೇಲೆ ಒರೆಸಿ, ನಾನೇ ಸ್ಕೋಪ್ ಕೂರಿಸಿ ರೇಂಜಿಗೆ ಹೋದೆ. 50 ಮ್ಯಾಚ್ ತೋಟೆಗಳ, ಅಂದರೆ ಸ್ಪರ್ಧೆಗೆ ಬಳಸುವ ತೋಟೆಗಳ, ಒಂದು ಪೆಟ್ಟಿಗೆ ಇತ್ತು. ಮೊದಲ 15 ಈಡು ಚೆನ್ನಾಗಿಯೇ ಹೋದವು. ಆಮೇಲೆ ಶುರುವಾಯಿತು. ಟ್ರಿಗರ್ ಎಳೆದರೆ ‘ಟಿಕ್’, ಅಷ್ಟೇ. ಒಟ್ಟು 11 ಸಲ ಹೀಗಾಯಿತು. ತಕ್ಷಣ ಬೋಲ್ಟ್ ಹಿಡಿಯನ್ನು ಎತ್ತಿ ಇಳಿಸಿ ಮತ್ತೆ ಎಳೆದಾಗ 8 ಹೊಡೆದವು. ಒಂದು, ತೋಟೆಯನ್ನು ತಿರುಗಿಸಿ ಹಾಕಿದ ಮೇಲೆ ಹೊಡೆಯಿತು. ಎರಡು ಏನು ಮಾಡಿದರೂ ಹೊಡೆಯಲಿಲ್ಲ. ಬೋಲ್ಟ್ ಮುಚ್ಚುವಾಗ ಕೊನೆಯಲ್ಲಿ ಸ್ವಲ್ಪ ಬಿಗಿ ಅನ್ನಿಸುತ್ತದೆ. ರೈಫಲ್ ಮಾರಿದವರು ತೋಟೆ ಸರಿಯಿಲ್ಲ ಅನ್ನುತ್ತಾರೆ. ತೋಟೆ ಕೊಟ್ಟವರು ರೈಫಲ್ ಸರಿಯಿಲ್ಲ ಅನ್ನುತ್ತಾರೆ. ಸ್ನೇಹಿತರೊಬ್ಬರು ಸ್ಪ್ರಿಂಗ್ ಎಳೆದು ಉದ್ದ ಮಾಡು ಅಂದರು, ಇನ್ನೊಬ್ಬರು ಖಾಲಿ ಹೊಡೆದು ಪಳಗಿಸು ಅಂದರು. ನನಗೆ ಮೋಸವಾಯಿತಾ? ಇದನ್ನು ಬಳಸುವುದು ಅಪಾಯವಾ?

ಉತ್ತರ: ಮೊದಲು ಒಂದು ಮಾತು. ನೀವು ಲೆಕ್ಕ ಇಟ್ಟಿದ್ದೀರಿ, ಅದು ದೊಡ್ಡ ಉಪಕಾರ. ಬಂದೂಕು ರಿಪೇರಿ ಮಾಡುವ ನನ್ನ ಬೆಂಚಿಗೆ ಬರುವ ಹತ್ತರಲ್ಲಿ ಒಂಬತ್ತು ಜನ ‘ಸಾರ್, ಇದು ಹೊಡೀತಾ ಇಲ್ಲ’ ಅಂತ ಮಾತ್ರ ಹೇಳುತ್ತಾರೆ. ಎಷ್ಟರಲ್ಲಿ ಎಷ್ಟು, ಎರಡನೇ ಸಲ ಪೆಟ್ಟು ಬಿದ್ದಾಗ ಹೊಡೆಯಿತಾ, ಹೊಡೆಯದ ತೋಟೆ ಎಲ್ಲಿ ಎಂದು ಕೇಳಿದರೆ ಮುಖ ನೋಡುತ್ತಾರೆ. ಹೊಡೆಯದ ತೋಟೆಯನ್ನು ಎಸೆದು ರೈಫಲ್ ಮಾತ್ರ ತರುವುದು, ಗಾಯ ಮನೆಯಲ್ಲೇ ಬಿಟ್ಟು ಡಾಕ್ಟರ ಹತ್ತಿರ ಬಂದ ಹಾಗೆ. ನಿಮ್ಮ 8, 1, 2 ಈ ಮೂರು ಅಂಕಿಗಳಲ್ಲೇ ಅರ್ಧ ಉತ್ತರ ಇದೆ. ಮೋಸವಾಗಿದೆ ಅಂತ ನನಗೆ ಈಗ ಅನ್ನಿಸುತ್ತಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ ಪದ ‘ತಕ್ಷಣ’. ಟಿಕ್ ಅಂದ ಕೂಡಲೇ ಬೋಲ್ಟ್ ಹಿಡಿ ಎತ್ತಬಾರದು. ಅಪರೂಪಕ್ಕೆ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಆ ಹೊತ್ತಿಗೆ ನೀವು ಬೋಲ್ಟ್ ತೆರೆದಿದ್ದರೆ ತೋಟೆಗೆ ಸುತ್ತ ಆಸರೆಯೇ ಇರುವುದಿಲ್ಲ. ತೆಳು ಹಿತ್ತಾಳೆ ಸಿಡಿದು ಚೂರು ಮುಖಕ್ಕೆ ಬರುತ್ತದೆ. ಹಾಗಾಗಿ ಟಿಕ್ ಅಂದರೆ ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರ್‌ನಿಂದ ಆಚೆ ಬರಲಿ, ಕನಿಷ್ಠ 30 ಸೆಕೆಂಡ್ ಎಣಿಸಿ. ನಿಮ್ಮ ರೇಂಜಿನ ನಿಯಮ 60 ಅಂದರೆ 60. ಆಮೇಲೆ ಮುಖವನ್ನು ಪಕ್ಕಕ್ಕೆ ಸರಿಸಿ ಬೋಲ್ಟ್ ತೆರೆಯಿರಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ‘ಟಿಕ್’ ಅಲ್ಲ, ‘ಪುಸ್’ ಅನ್ನುವ ಸದ್ದು. ಮದ್ದು ಅರೆಬರೆ ಹೊತ್ತಿ ಗುಂಡು ನಳಿಗೆಯೊಳಗೇ ನಿಂತಿರಬಹುದು. ಒಬ್ಬ ಹುಡುಗ ಸ್ಪರ್ಧೆಯ ಅವಸರದಲ್ಲಿ ಪುಸ್ ಅಂದದ್ದನ್ನು ಲೆಕ್ಕಿಸದೆ ಮುಂದಿನದನ್ನು ಹೊಡೆದ. ನಳಿಗೆ ನನ್ನ ಕೈಗೆ ಬಂದಾಗ ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಬೆರಳು ಸವರಿದರೆ ಮಧ್ಯದಲ್ಲಿ ಒಂದು ಸಣ್ಣ ಉಬ್ಬು, ಉಂಗುರ ತೊಡಿಸಿದ ಹಾಗೆ. ಆ ನಳಿಗೆ ಅಲ್ಲಿಗೆ ಮುಗಿಯಿತು. ಪುಸ್ ಅಂದರೆ ಆ ದಿನಕ್ಕೆ ನಿಲ್ಲಿಸಿ, ರೈಫಲ್ ಖಾಲಿ ಮಾಡಿ, ಬೋಲ್ಟ್ ಹೊರತೆಗೆದು, ನಳಿಗೆಯಲ್ಲಿ ಸಲಾಕೆ ಆಡಿಸಿ ಖಚಿತ ಮಾಡಿಕೊಳ್ಳುವ ತನಕ ಇನ್ನೊಂದು ತೋಟೆ ಹಾಕಲೇಬೇಡಿ.

ಈಗ ವಿಷಯಕ್ಕೆ ಬರೋಣ. .22 ತೋಟೆಯ ಹಿಂಬದಿ ನೋಡಿ. ದೊಡ್ಡ ರೈಫಲ್ ತೋಟೆಗಳಲ್ಲಿ ನಡುವೆ ಒಂದು ಪುಟ್ಟ ಬಟ್ಟಲಿನ ಹಾಗೆ ಪ್ರೈಮರ್ ಇರುತ್ತದೆ. ಇದರಲ್ಲಿ ಅದಿಲ್ಲ. ಕಿಡಿ ಕೊಡುವ ಮದ್ದು ತಳದ ಅಂಚಿನ ಮಡಿಕೆಯೊಳಗೆ ಇರುತ್ತದೆ. ಅದಕ್ಕೇ ಇದು ರಿಮ್‌ಫೈರ್. ಈ ಉಪಾಯ ಹಳೆಯದು. .22 ಶಾರ್ಟ್ ತೋಟೆ ಬಂದದ್ದು 1857ರಲ್ಲಿ, ನಾವೀಗ ಹೊಡೆಯುವ ಲಾಂಗ್ ರೈಫಲ್ ತೋಟೆ 1887ರಲ್ಲಿ. ಕಾರ್ಖಾನೆಯಲ್ಲಿ ಖಾಲಿ ಹಿತ್ತಾಳೆ ಕೊಳವೆಗೆ ಚೂರು ಒದ್ದೆ ಮದ್ದು ಹಾಕಿ ಗಿರಗಿರ ತಿರುಗಿಸುತ್ತಾರೆ. ಬಟ್ಟೆ ಒಗೆಯುವ ಮಷಿನ್ ಬಟ್ಟೆಯನ್ನು ಡ್ರಮ್ಮಿನ ಗೋಡೆಗೆ ಒತ್ತುತ್ತದಲ್ಲ, ಹಾಗೆ ಮದ್ದು ಅಂಚಿನ ಮಡಿಕೆಗೆ ಹೋಗಿ ಕೂರುತ್ತದೆ. ಆಮೇಲೆ ಒಣಗುತ್ತದೆ.

ಸುತ್ತಲೂ ಸಮನಾಗಿ ಕೂತರೆ ಸರಿ. ಒಂದು ಕಡೆ ಮದ್ದು ಕಡಿಮೆಯಾಗಿ, ತೋಟೆಗೆ ಬಡಿಯುವ ಮೊಳೆ, ಅಂದರೆ ಫೈರಿಂಗ್ ಪಿನ್, ಸರಿಯಾಗಿ ಅಲ್ಲೇ ಬಿದ್ದರೆ ಟಿಕ್. ತಿರುಗಿಸಿ ಹಾಕಿದರೆ ಮದ್ದಿರುವ ಜಾಗ ಪಿನ್ನಿನ ಕೆಳಗೆ ಬರುತ್ತದೆ, ಢಂ. ನಿಮ್ಮ ‘1’ ಅದು. ಅದರಲ್ಲಿ ರೈಫಲ್‌ನ ತಪ್ಪಿಲ್ಲ. ಏನು ಮಾಡಿದರೂ ಹೊಡೆಯದ ‘2’ ಕೂಡ ಬಹುಶಃ ತೋಟೆಯದ್ದೇ. 50ರಲ್ಲಿ ಎರಡು ಮೂರು ಹುಸಿ ಹೋಗುವುದು ಮ್ಯಾಚ್ ತೋಟೆಗೆ ಜಾಸ್ತಿಯೇ. ತೇವ ತಗುಲಿತ್ತಾ, ಪೆಟ್ಟಿಗೆಯ ಹತ್ತಿರ ಯಾರಾದರೂ ಸ್ಪ್ರೇ ಎಣ್ಣೆ ಹೊಡೆದಿದ್ದರಾ ಅಂತ ನೆನಪು ಮಾಡಿಕೊಳ್ಳಿ. ಒಳಗೆ ಇಳಿಯುವ ಜಾತಿಯ ಎಣ್ಣೆ ಈ ತೋಟೆಯ ಬಾಯಿ ಸಂದಿಯಿಂದ ನುಸುಳಿ ಮದ್ದನ್ನು ಸತ್ವಹೀನ ಮಾಡಬಲ್ಲದು.

ನನ್ನ ಗಮನ ಇರುವುದು ಆ ‘8’ರ ಮೇಲೆ. ಅದೇ ಜಾಗ, ಅದೇ ತೋಟೆ, ಪಿನ್ನಿನ ಎರಡನೇ ಪೆಟ್ಟಿಗೆ ಹೊಡೆದಿದೆ. ಅಂದರೆ ಮದ್ದು ಇತ್ತು. ಮೊದಲ ಪೆಟ್ಟು ಸಾಲಲಿಲ್ಲ. ಪೆಟ್ಟು ಯಾಕೆ ಸಾಲಲಿಲ್ಲ? ಇಲ್ಲಿ ಎಲ್ಲರೂ ಪಿನ್ನನ್ನು ಮುಂದೆ ದೂಡುವ ಸ್ಪ್ರಿಂಗ್ ಕಡೆ ಬೆರಳು ತೋರಿಸುತ್ತಾರೆ. ಹೊಸ ರೈಫಲ್‌ನಲ್ಲಿ ಸ್ಪ್ರಿಂಗ್ ಸೋಲುವುದನ್ನು ನಾನು ನೋಡಿದ್ದು ತೀರಾ ಕಡಿಮೆ. ಪೆಟ್ಟು ಬೇರೆ ಎಲ್ಲೋ ಸೋರಿಹೋಗಿರುತ್ತದೆ.

ರಿಮ್‌ಫೈರ್ ಹೊಡೆಯಬೇಕಾದರೆ ಪಿನ್ ಅಂಚನ್ನು ಜಜ್ಜಬೇಕು. ಜಜ್ಜಬೇಕಾದರೆ ಅಂಚಿನ ಹಿಂದೆ ಗಟ್ಟಿ ಆಸರೆ ಬೇಕು. ಆ ಆಸರೆ ಚೇಂಬರಿನ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗದ, ಬಾಯಂಚು. ಪಿನ್ ಸುತ್ತಿಗೆ, ಚೇಂಬರಿನ ಅಂಚು ಅಡಿಗಲ್ಲು. ತೋಟೆ ಚೇಂಬರಿನೊಳಗೆ ಪೂರ್ತಿ ಕೂತಿಲ್ಲ ಅಂದುಕೊಳ್ಳಿ, ಒಂದು ಕೂದಲೆಳೆ ಹೊರಗೆ ನಿಂತಿದೆ. ಆಗ ಪಿನ್ನಿನ ಪೆಟ್ಟು ಅಂಚನ್ನು ಜಜ್ಜುವ ಬದಲು ತೋಟೆಯನ್ನು ಒಳಗೆ ದೂಡುತ್ತದೆ. ಮೆತ್ತೆಯ ಮೇಲೆ ಕಲ್ಲಿಟ್ಟು ಸುತ್ತಿಗೆಯಿಂದ ಒಡೆಯಲು ಹೋದ ಹಾಗೆ. ಈಗ ತೋಟೆ ಪೂರ್ತಿ ಕೂತಿದೆ. ಎರಡನೇ ಪೆಟ್ಟಿಗೆ ಢಂ. ನಿಮ್ಮ ಎಂಟೂ ಹೀಗೇ ಇರಬಹುದು ಅನ್ನುವುದು ನನ್ನ ಮೊದಲ ಗುಮಾನಿ.

ಗುಮಾನಿಗೆ ನೀವೇ ಎರಡು ಸುಳಿವು ಕೊಟ್ಟಿದ್ದೀರಿ. ಮೊದಲ 15 ಚೆನ್ನಾಗಿ ಹೋದವು, ಆಮೇಲೆ ಶುರುವಾಯಿತು. ಸ್ಪ್ರಿಂಗ್ ಸೋತಿದ್ದರೆ ಮೊದಲ ಈಡಿಗೂ ಹದಿನಾರನೆಯದಕ್ಕೂ ಭೇದ ಇರುತ್ತಿರಲಿಲ್ಲ. ಹೊಡೆಯುತ್ತಾ ಹೋದಂತೆ ಕೆಟ್ಟದ್ದು ಅಂದರೆ ಏನೋ ಕಟ್ಟಿಕೊಳ್ಳುತ್ತಿದೆ. ಎರಡನೆಯದು, ಬೋಲ್ಟ್ ಕೊನೆಯಲ್ಲಿ ಬಿಗಿ. ಮ್ಯಾಚ್ ತೋಟೆಯ ಗುಂಡಿಗೆ ಮೇಣದಂಥ ಜಿಡ್ಡು ಬಳಿದಿರುತ್ತಾರೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಅದು, ಸುಟ್ಟ ಮದ್ದಿನ ಮಸಿ, ಸೀಸದ ಪುಡಿ ಎಲ್ಲ ಸೇರಿ ಚೇಂಬರಿನ ಮುಂಭಾಗದಲ್ಲಿ ಉಂಗುರ ಕಟ್ಟುತ್ತವೆ. ಹೊಸ ರೈಫಲ್ ಆದರೆ ಕಾರ್ಖಾನೆಯವರು ತುಕ್ಕು ಹಿಡಿಯದಿರಲಿ ಅಂತ ತುಂಬಿದ ಗ್ರೀಸ್ ಬೇರೆ. ನೀವು ಒರೆಸಿದ್ದು ಮೇಲೆ ಮೇಲೆ, ಅಲ್ವಾ? ಚೇಂಬರು ಬಿಗಿಯಾಗಿ ಕೊರೆದ ಜಾತಿಯದ್ದಾದರೆ ಗುಂಡಿನ ಮೂತಿ ನಳಿಗೆಯೊಳಗಿನ ಸುರುಳಿ ಗೆರೆಗಳಿಗೆ ತಾಗಿಯೇ ಕೂರಬೇಕು. ಅಲ್ಲಿ ಒಂದು ಚೂರು ಕಸ ಇದ್ದರೂ ಜಾಗ ಸಾಲದು.

ಇದನ್ನು ಖಚಿತ ಮಾಡಿಕೊಳ್ಳಲು ಬೆಂಚಿನ ಮೇಲೆ ನಾನು ಮಾಡುವ ಒಂದು ಪರೀಕ್ಷೆ ಇದೆ. ಖರ್ಚಿಲ್ಲ. ಹೊಡೆದು ಖಾಲಿಯಾದ ಚಿಪ್ಪು ಒಂದನ್ನು ತೆಗೆದುಕೊಳ್ಳಿ. ಖಾಲಿ ಅಂದರೆ ಖಾಲಿಯೇ, ಬಾಯಿ ನೋಡಿ, ಎರಡು ಸಲ ನೋಡಿ. ಅದರ ಹಳೆ ಗುರುತು ಪಿನ್ನಿಗೆ ಸಿಗದ ಹಾಗೆ ತಿರುಗಿಸಿ ಚೇಂಬರಿಗೆ ಹಾಕಿ. ರೈಫಲ್ ಸುರಕ್ಷಿತ ದಿಕ್ಕಿಗಿರಲಿ, ಜೀವಂತ ತೋಟೆ ಆ ಮೇಜಿನ ಮೇಲೆ ಒಂದೂ ಇರಬಾರದು. ಬೋಲ್ಟ್ ಮುಚ್ಚಿ ಟ್ರಿಗರ್ ಎಳೆಯಿರಿ. ಹೊರತೆಗೆದು ಹೊಸ ಗುರುತನ್ನು ಬೆಳಕಿಗೆ ಹಿಡಿದು ನೋಡಿ. ಗುಂಡಿಲ್ಲದ ಚಿಪ್ಪು ಮುಂದೆ ಎಲ್ಲೂ ತಡೆಯದೆ ಪೂರ್ತಿ ಕೂರುತ್ತದೆ. ಅದರ ಮೇಲೆ ಬಿದ್ದ ಪೆಟ್ಟು ನಿಮ್ಮ ರೈಫಲ್‌ನ ನಿಜವಾದ ಪೆಟ್ಟು.

ಈಗ ಹೊಡೆಯದೆ ಉಳಿದ ಆ ಎರಡು ತೋಟೆಗಳ ಅಂಚನ್ನು ಪಕ್ಕದಲ್ಲಿ ಹಿಡಿದು ನೋಡಿ. ಅವನ್ನು ರೈಫಲ್‌ನಿಂದ ದೂರ, ಬೇರೆ ಹೊತ್ತಿನಲ್ಲಿ ನೋಡಿ. ಒಳ್ಳೆಯ ಗುರುತು ಅಂದರೆ ಅಂಚಿನ ಮೇಲೇ ಬಿದ್ದಿರಬೇಕು, ಬದಿಗಳು ಚೂಪಾಗಿರಬೇಕು, ಉಗುರು ಆಡಿಸಿದರೆ ಸಿಕ್ಕಿಕೊಳ್ಳಬೇಕು. ಖಾಲಿ ಚಿಪ್ಪಿನಲ್ಲಿ ಗುರುತು ಆಳ, ಮೊದಲ ಪೆಟ್ಟಿಗೆ ಹುಸಿಯಾದ ತೋಟೆಯಲ್ಲಿ ಮಾತ್ರ ತೇಲಿದ ಗುರುತು ಅಂದರೆ ಪೆಟ್ಟು ತೋಟೆ ದೂಡುವುದರಲ್ಲಿ ಖರ್ಚಾಗಿದೆ. ಎರಡರಲ್ಲೂ ತೇಲಿದ್ದರೆ ತೊಂದರೆ ಬೋಲ್ಟ್ ಒಳಗಿದೆ. ಗುರುತು ಆಳವಿದ್ದೂ ಅಂಚು ಬಿಟ್ಟು ನಡುವಿನ ಕಡೆ ಸರಿದಿದ್ದರೆ ಪಿನ್ ಅಥವಾ ಬೋಲ್ಟ್ ತಲೆಯ ಅಳತೆ ತಪ್ಪಿದೆ, ಅದನ್ನು ನೀವು ಮನೆಯಲ್ಲಿ ಸರಿ ಮಾಡುವ ಹಾಗಿಲ್ಲ. ನಿಮ್ಮ ಎರಡು ತೋಟೆಗೆ ಹಲವು ಪೆಟ್ಟು ಬಿದ್ದಿರುವುದರಿಂದ ಗುರುತು ಒಂದರ ಮೇಲೊಂದು ಇರಬಹುದು. ಮುಂದಿನ ಸಲ ಒಂದು ಹುಸಿ ತೋಟೆಯನ್ನಾದರೂ ಒಂದೇ ಪೆಟ್ಟಿಗೆ ತೆಗೆದಿಡಿ.

ಬೋಲ್ಟ್ ಒಳಗಿನ ತೊಂದರೆ ಅಂದಾಗಲೂ ಮೊದಲ ಅನುಮಾನ ಗ್ರೀಸ್ ಮೇಲೆ. ಫೈರಿಂಗ್ ಪಿನ್ ಓಡುವ ಕೊಳವೆಯಲ್ಲಿ ಗ್ರೀಸ್ ತುಂಬಿದ್ದರೆ ಪಿನ್ ಜೇನುತುಪ್ಪದಲ್ಲಿ ಈಜಿದ ಹಾಗೆ ಬರುತ್ತದೆ. ಚಳಿಗೆ ಗಟ್ಟಿಯಾದರೆ ಇನ್ನೂ ಕೆಟ್ಟದ್ದು. ಹೊಚ್ಚ ಹೊಸ ರೈಫಲ್ ಒಂದನ್ನು ಬಿಚ್ಚಿದಾಗ ಕಂದು ಬಣ್ಣದ ಗ್ರೀಸ್ ಪಿನ್ನಿನ ಸುತ್ತ ಒಂದು ಅಚ್ಚಿನ ಹಾಗೆ ಕಳಚಿ ಬಂತು. ಮಾಲೀಕರು ಆಗಲೇ ಹೊಸ ಸ್ಪ್ರಿಂಗ್ ತರಿಸಿಕೊಂಡಿದ್ದರು. ಅದು ಇನ್ನೂ ಕವರಿನಲ್ಲೇ ಇದೆ.

ಬೋಲ್ಟ್ ಹಿಡಿ ಪೂರ್ತಿ ಕೆಳಗೆ ಇಳಿಯದಿದ್ದರೂ ಇದೇ ಕಥೆ. ಹಿಡಿ ಸ್ವಲ್ಪ ಮೇಲಿದ್ದಾಗ ಎಳೆದರೆ ಪಿನ್ನಿನ ಬಲ ಬೋಲ್ಟನ್ನು ತಿರುಗಿಸಿ ಮುಚ್ಚುವುದಕ್ಕೆ ಖರ್ಚಾಗುತ್ತದೆ. ಟಿಕ್ ಅಂದಾಗ ಹಿಡಿ ತಾನೇ ಚೂರು ಕೆಳಗೆ ಜಾರಿತಾ ಅಂತ ನೋಡಿ. ಹೊಸಬರು ಹೊಸ ರೈಫಲ್ ಮೇಲೆ ಮುದ್ದಿನಿಂದ ಬೋಲ್ಟನ್ನು ಮೆಲ್ಲಗೆ ಮುಚ್ಚುತ್ತಾರೆ. ಮೆಲ್ಲಗೆ ಬೇಡ, ಗುದ್ದುವುದೂ ಬೇಡ. ಅಂಗೈಯಲ್ಲಿ ಒತ್ತಿ ಪೂರ್ತಿ ಇಳಿಸಿ.

ಆ ಬಿಗಿತಕ್ಕೆ ಇನ್ನೊಂದು ಕಾರಣ ನಿಮ್ಮ ಸ್ಕೋಪ್ ಇರಬಹುದು. ಸ್ಕೋಪ್ ಕೂರುವ ಬೇಸಿನ ತಿರುಪು ಅರ್ಧ ಸುತ್ತು ಉದ್ದವಾದರೂ ಸಾಕು, ತುದಿ ಬೋಲ್ಟ್ ಓಡುವ ರಿಸೀವರ್ ಒಳಗೆ ಇಣುಕಿ ಬೋಲ್ಟಿಗೆ ಉಜ್ಜುತ್ತದೆ. ಮರದ ಹಿಡಿಯನ್ನು ಕಳಚಿ ಮತ್ತೆ ಹಾಕಿದವರು ಮುಂದಿನ ಹಿಂದಿನ ತಿರುಪು ಅದಲುಬದಲು ಮಾಡಿದರೂ ಹೀಗೇ ಆಗುತ್ತದೆ. ಕಂಡುಹಿಡಿಯುವುದು ಸುಲಭ. ಖಾಲಿ ರೈಫಲ್‌ನ ಬೋಲ್ಟಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ ಹತ್ತು ಸಲ ಹಿಂದೆ ಮುಂದೆ ಮಾಡಿ. ತಿರುಪು ತಾಗುತ್ತಿದ್ದರೆ ಬಣ್ಣದ ಮೇಲೆ ಒಂದೇ ಗೆರೆ ಎಳೆದ ಹಾಗೆ ಹೊಳೆಯುತ್ತದೆ.

ನಿಮ್ಮ ಸ್ನೇಹಿತರ ಸಲಹೆಗಳಿಗೆ ಬರುತ್ತೇನೆ. ಸ್ಪ್ರಿಂಗ್ ಎಳೆದು ಉದ್ದ ಮಾಡುವುದು ಬೇಡವೇ ಬೇಡ. ಎಳೆದ ಸ್ಪ್ರಿಂಗ್ ನಾಲ್ಕು ದಿನ ಜೋರು ತೋರಿಸಿ ಮತ್ತೆ ಕುಗ್ಗುತ್ತದೆ, ಅಲ್ಲಿಯವರೆಗೆ ಒಂದೊಂದು ಸಲ ಒಂದೊಂದು ಪೆಟ್ಟು. ಗಟ್ಟಿ ಸ್ಪ್ರಿಂಗ್ ಹಾಕಿದರೆ ಹೊಡೆಯಬಹುದು, ಸುಳ್ಳಲ್ಲ. ಆದರೆ ಬೋಲ್ಟ್ ಎತ್ತುವುದು ಭಾರವಾಗುತ್ತದೆ, ಟ್ರಿಗರ್ ಬದಲಾಗುತ್ತದೆ, ಪಿನ್ ತೆಳು ಅಂಚನ್ನು ತೂತು ಮಾಡಿ ಬಿಸಿ ಗಾಳಿ ಹಿಂದಕ್ಕೆ ಬರುವ ಅಪಾಯವೂ ಇದೆ. ಕಾಯಿಲೆ ಚೇಂಬರಿನದ್ದಾಗಿದ್ದರೆ ಅದು ಹಾಗೇ ಉಳಿದು ಸದ್ದು ಮಾತ್ರ ಮುಚ್ಚಿಹೋಗುತ್ತದೆ.

ಖಾಲಿ ಹೊಡೆದು ಪಳಗಿಸುವುದು ರಿಮ್‌ಫೈರ್‌ನಲ್ಲಿ ಎಚ್ಚರ ಬೇಕಾದ ಮಾತು. ತೋಟೆ ಇಲ್ಲದಾಗ ಕೆಲವು ರೈಫಲ್‌ಗಳ ಪಿನ್ ನೇರ ಚೇಂಬರಿನ ಅಂಚಿಗೇ ಬಡಿಯುತ್ತದೆ. ಅಡಿಗಲ್ಲಿನಲ್ಲಿ ಹಳ್ಳ ಬಿದ್ದರೆ ಮುಂದೆ ನಿಜವಾಗಿಯೂ ಹೊಡೆಯದಿರುವ ಕಾಯಿಲೆ ಬರುತ್ತದೆ, ಹಳ್ಳದ ಬದಿಯ ಉಬ್ಬು ತೋಟೆ ಕೂರುವುದಕ್ಕೂ ಅಡ್ಡ ಬರುತ್ತದೆ. ಇತ್ತೀಚಿನ ಬಹಳಷ್ಟು ರೈಫಲ್‌ಗಳಲ್ಲಿ ಪಿನ್ ಅಲ್ಲಿಯವರೆಗೆ ಹೋಗದಂತೆ ತಡೆ ಇಟ್ಟಿರುತ್ತಾರೆ. ನಿಮ್ಮದು ಯಾವ ಜಾತಿ ಅನ್ನುವುದನ್ನು ಜೊತೆಗೆ ಬಂದ ಪುಸ್ತಕ ಹೇಳುತ್ತದೆ. ನಿಮ್ಮ ಸ್ನೇಹಿತರಲ್ಲ.

‘200 ಈಡು ಹೊಡಿ, ತಾನೇ ಸರಿಹೋಗುತ್ತದೆ’ ಅನ್ನುವ ಮಾತನ್ನೂ ನೀವು ಕೇಳಿರುತ್ತೀರಿ. ತಾನೇ ತೋಟೆ ತುಂಬಿಕೊಳ್ಳುವ ಸೆಮಿ ಆಟೋಗಳಲ್ಲಿ ಅದರಲ್ಲಿ ಸ್ವಲ್ಪ ನಿಜವಿದೆ. ಬೋಲ್ಟ್ ಆಕ್ಷನ್‌ನಲ್ಲಿ ಸುಮ್ನೆ ಹೊಡೆಯುತ್ತಾ ಹೋದರೆ ಆ ಉಂಗುರ ಇನ್ನೂ ದಪ್ಪವಾಗುತ್ತದೆ ಅಷ್ಟೇ.

ಹಾಗಾದರೆ ಏನು ಮಾಡಬೇಕು? ಮೊದಲು ಪುಸ್ತಕ ಎಷ್ಟು ಬಿಚ್ಚಬಹುದು ಅನ್ನುತ್ತದೋ ಅಷ್ಟೇ ಬೋಲ್ಟ್ ಬಿಚ್ಚಿ, ಗ್ರೀಸ್ ತೊಳೆದು ಒಣಗಿಸಿ. ಪಿನ್ನಿನ ಕೊಳವೆಗೆ ಮತ್ತೆ ಎಣ್ಣೆ ಸುರಿಯಬೇಡಿ, ಒಣಗಿಯೇ ಇರಲಿ. ಚೇಂಬರಿಗೆ ಹಿಂಬದಿಯಿಂದ ಮಸಿ ಕರಗಿಸುವ ಸಾಲ್ವೆಂಟ್ ಹಚ್ಚಿ, ಹತ್ತು ನಿಮಿಷ ಬಿಟ್ಟು, ಕಂಚಿನ ಬ್ರಷ್ ಹಾಕಿ ತಿರುಗಿಸಿ. ಆಮೇಲೆ ಬಿಳಿ ಬಟ್ಟೆಯ ತುಣುಕು ಬಿಳಿಯಾಗಿಯೇ ಹೊರಬರುವ ತನಕ ಒರೆಸಿ. ಒಂದು ಸಲಕ್ಕೆ ಸಾಕು ಅಂದುಕೊಳ್ಳಬೇಡಿ. ಆ ಉಂಗುರ ಹಟಮಾರಿ.

ಆಮೇಲೆ ರೇಂಜಿಗೆ ಮೂರು ಬೇರೆ ಬೇರೆ ಬಗೆಯ ತೋಟೆ ಒಯ್ಯಿರಿ, ಅವುಗಳಲ್ಲಿ ಒಂದು ಈಗ ತೊಂದರೆ ಕೊಟ್ಟದ್ದೇ ಆಗಿರಲಿ. ಎಲ್ಲವೂ ನಳಿಗೆಯ ಮೇಲೆ ಕೆತ್ತಿರುವ ಅಳತೆಯವೇ ಇರಬೇಕು. .22 ಮ್ಯಾಗ್ನಮ್ ಅಂದರೆ ಬೇರೆಯೇ ದಪ್ಪದ ತೋಟೆ, ಹೆಸರಿನಲ್ಲಿ .22 ಇದೆ ಅಂತ ಅದಲುಬದಲು ಮಾಡಬಾರದು. ಒಂದೊಂದನ್ನೇ ಕೈಯಿಂದ ತುಂಬಿ ಹೊಡೆಯಿರಿ, ಎಷ್ಟನೆಯ ಈಡು ಹುಸಿಯಾಯಿತು ಬರೆದಿಡಿ. ಹುಸಿಯಾದದ್ದನ್ನು ಕಾದು ತೆಗೆದ ಮೇಲೆ, ರೇಂಜ್ ಅಧಿಕಾರಿ ಒಪ್ಪಿದರೆ ಒಂದೇ ಒಂದು ಸಲ ತಿರುಗಿಸಿ ಹಾಕಿ ನೋಡಬಹುದು. ಮೂರನೇ ಸಲ ಬೇಡ.

ಒಂದೇ ಬಗೆಯ ತೋಟೆ ಮಾತ್ರ ಹುಸಿಯಾದರೆ ಅದನ್ನು ಬಿಡಿ. ರೈಫಲ್‌ಗೂ ರುಚಿ ಅರುಚಿ ಇರುತ್ತದೆ ಅಂತ ನಾವು ತಮಾಷೆ ಮಾಡುವುದುಂಟು. ನಿಜದಲ್ಲಿ ಅದು ಅಂಚಿನ ದಪ್ಪ ಮತ್ತು ಗುಂಡಿನ ಮೂತಿಯ ಅಳತೆ. ಮೂರೂ ಬಗೆ ಸರಿಯಾಗಿ ಹೊಡೆದು ಮೂವತ್ತು ನಲವತ್ತು ಈಡಾದ ಮೇಲೆ ಮತ್ತೆ ಬಿಗಿಯಾದರೆ ಚೇಂಬರು ಬಿಗಿ ಜಾತಿಯದ್ದು, ನಡುನಡುವೆ ಒರೆಸಿಕೊಂಡು ಬದುಕಬೇಕು.

ಶುಚಿ ಮಾಡಿದ ಮೇಲೂ ಮೂರು ಬಗೆಯಲ್ಲೂ ತೇಲಿದ ಗುರುತೇ ಬೀಳುತ್ತಿದ್ದರೆ ನೀವು ಕೈ ಹಾಕಬೇಡಿ. ಪಿನ್ ಗಿಡ್ಡವಿರಬಹುದು, ತುದಿ ಮುರಿದಿರಬಹುದು, ಬೋಲ್ಟ್ ಮುಖಕ್ಕೂ ಚೇಂಬರಿಗೂ ನಡುವಿನ ಅಂತರ ಜಾಸ್ತಿಯಿರಬಹುದು. ಈ ಅಂತರಕ್ಕೆ ಹೆಡ್‌ಸ್ಪೇಸ್ ಅನ್ನುತ್ತೇವೆ. .22 ಲಾಂಗ್ ರೈಫಲ್‌ನಲ್ಲಿ ಅದು ಕನಿಷ್ಠ .043 ಇಂಚು, ಅಂದರೆ ಸುಮಾರು 1.1 ಮಿಲಿಮೀಟರ್. ಅದರ ಮೇಲೆ ಎಷ್ಟು ಹೆಚ್ಚಿದೆ ಅನ್ನುವುದನ್ನು ಗೇಜ್ ಹಾಕಿಯೇ ನೋಡಬೇಕು, ಕಣ್ಣಂದಾಜಿಗೆ ಸಿಗುವುದಲ್ಲ. ಹೊಸ ರೈಫಲ್, ವಾರಂಟಿ ಇದೆ, ವಾಪಸ್ ಕಳಿಸಿ. ನೀವು ಒಂದು ತಿರುಪು ಬದಲಿಸಿದರೂ, ಪಿನ್ನಿಗೆ ಅರ ತಾಗಿಸಿದರೂ ಅವರಿಗೆ ನೆಪ ಸಿಕ್ಕಿತು. ಪರವಾನಗಿ ಇರುವ ಗನ್‌ಸ್ಮಿತ್ ಬಳಿ ಹೋದರೆ ಕೆಲಸ ಬೇಗ ಆಗಬಹುದು, ಆದರೆ ವಾರಂಟಿ ಹೋಗುತ್ತದಾ ಅಂತ ಬರಹದಲ್ಲಿ ಕೇಳಿಕೊಂಡು ಹೋಗಿ. ಕಳಿಸುವಾಗ ಜೊತೆಗೆ ಖಾಲಿ ಚಿಪ್ಪುಗಳನ್ನೂ ನಿಮ್ಮ ಲೆಕ್ಕದ ಹಾಳೆಯನ್ನೂ ಇಡಿ. ‘50ರಲ್ಲಿ 11, ಇದರಲ್ಲಿ 8 ಎರಡನೇ ಪೆಟ್ಟಿಗೆ’ ಅನ್ನುವ ಹಾಳೆಯ ಮುಂದೆ ‘ತೋಟೆ ಸರಿಯಿಲ್ಲ’ ಅನ್ನುವ ಉತ್ತರ ನಿಲ್ಲುವುದು ಕಷ್ಟ. ಜೀವಂತ ತೋಟೆ ಮಾತ್ರ ಪಾರ್ಸಲ್ಲಿಗೆ ಹಾಕಬೇಡಿ, ಗುರುತಿನ ಫೋಟೊ ಸಾಕು.

ಇನ್ನು, ಬಳಸುವುದು ಅಪಾಯವಾ ಅಂತ ಕೇಳಿದ್ದಿರಿ. ಟಿಕ್ ಅಂದ ಮೇಲೆ ಕಾಯುವ ಅಭ್ಯಾಸ ಇದ್ದರೆ ರೇಂಜಿನಲ್ಲಿ ಒಂದೊಂದೇ ತುಂಬಿ ಪರೀಕ್ಷೆ ಮಾಡಬಹುದು. ಟಿಕ್ ಕೂಡ ಕೇಳದೆ ಟ್ರಿಗರ್ ಸುಮ್ನೆ ಹಿಂದೆ ಬಂದರೆ, ಅಥವಾ ಬೋಲ್ಟ್ ಮುಚ್ಚುವಾಗಲೇ ಪಿನ್ ಜೊತೆಯಲ್ಲೇ ಮುಂದೆ ಬಂದುಬಿಟ್ಟರೆ ಅದು ಬೇರೆ ಕಾಯಿಲೆ. ಟ್ರಿಗರ್ ಒಳಗಿನ ಕೊಕ್ಕೆ ಪಿನ್ನನ್ನು ಹಿಡಿಯುತ್ತಿಲ್ಲ. ಆ ರೈಫಲ್‌ಗೆ ಇನ್ನೊಂದು ತೋಟೆ ತುಂಬಬಾರದು.

ಹೊಡೆಯದ ಆ ಎರಡು ತೋಟೆಗಳನ್ನು ಈಗ ಎಲ್ಲಿಟ್ಟಿದ್ದೀರಿ ಅಂತ ಬರೆದಿಲ್ಲ. ಜೇಬಲ್ಲೋ ಮೇಜಿನ ಡ್ರಾಯರಲ್ಲೋ ಇದ್ದರೆ ಹೊರತೆಗೆಯಿರಿ. ಅಂಚಿನ ಫೋಟೊ ತೆಗೆದುಕೊಂಡು, ತೋಟೆಗಳನ್ನು ರೇಂಜಿನಲ್ಲಿ ಹುಸಿ ತೋಟೆಗೆಂದೇ ಇಟ್ಟಿರುವ ಡಬ್ಬಕ್ಕೆ ಒಪ್ಪಿಸಿ. ಕಸದ ಬುಟ್ಟಿಗೆ ಬೇಡ. ಫೋಟೊ ನನಗೆ ಕಳಿಸಿ, ಖಾಲಿ ಚಿಪ್ಪಿನ ಗುರುತನ್ನೂ ಪಕ್ಕದಲ್ಲಿಟ್ಟು ತೆಗೆದರೆ ಇನ್ನೂ ಒಳ್ಳೆಯದು.